ಸೊಟ್ಟಗಾದರೂ ಬೀಳದ ಶಿಖರ

ಈ ಚರ್ಚಿನ ಫೋಟೋ ಮೊದಲ ಸಲ ನೋಡಿದಾಗ ನಾವು ಮಾಡಿದ್ದು ಬಹುಶಃ ಎಲ್ಲರೂ ಮಾಡೋದನ್ನೇ. ಫೋನನ್ನು ಸ್ವಲ್ಪ ಓರೆ ಹಿಡಿದು ನೋಡಿದೆವು. ಫೋಟೋ ತೆಗೆದವನ ಕೈ ಅಲ್ಲಾಡಿರಬೇಕು, ಇಲ್ಲಾ ಯಾರೋ ಎಡಿಟ್ ಮಾಡಿರಬೇಕು ಅಂದುಕೊಂಡೆವು. ಎರಡೂ ಅಲ್ಲ. ಕೆಳಗಿನ ಕಟ್ಟಡ ನೆಟ್ಟಗೇ ಇದೆ. ಅದರ ತಲೆ ಮೇಲಿನ ಶಿಖರ ಮಾತ್ರ ಒದ್ದೆ ಟವೆಲನ್ನು ಹಿಂಡಿ ನಿಲ್ಲಿಸಿದ ಹಾಗೆ ತಿರುಚಿಕೊಂಡು, ಜೊತೆಗೆ ಒಂದು ಕಡೆಗೆ ವಾಲಿಕೊಂಡಿದೆ. ನಮ್ಮ ಗುಂಪಿನ ಸಿವಿಲ್ ಬ್ರಾಂಚಿನ ಗೆಳೆಯ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ: "ಬ್ಯಾಕ್‌ಲಾಗ್ ಇರೋರು ಕಟ್ಟಿದ್ದು." ನಾವೂ ಜೋರಾಗಿ ನಕ್ಕೆವು. ಆ ನಗು ಎಷ್ಟು ಸರಿ ಅನ್ನೋದನ್ನು ನೋಡೋಣ ಅಂತಲೇ ಈ ಲೇಖನ.

ಚರ್ಚಿನ ಹೆಸರು ಸೇಂಟ್ ಮೇರಿ ಅಂಡ್ ಆಲ್ ಸೇಂಟ್ಸ್. ಇರೋದು ಇಂಗ್ಲೆಂಡಿನ ಡರ್ಬಿಶೈರ್ ಕೌಂಟಿಯ ಚೆಸ್ಟರ್‌ಫೀಲ್ಡ್ ಊರಿನಲ್ಲಿ. ನೆಲದಿಂದ ಶಿಖರದ ತುದಿಗೆ 228 ಅಡಿ, ಅಂದರೆ ಹೆಚ್ಚುಕಮ್ಮಿ 70 ಮೀಟರ್. ಶಿಖರ 45 ಡಿಗ್ರಿ ತಿರುಚಿದೆ. ತುದಿ ಇರಬೇಕಾದ ಜಾಗದಿಂದ 9 ಅಡಿ 6 ಇಂಚು, ಅಂದರೆ 2.9 ಮೀಟರ್ ನೈಋತ್ಯಕ್ಕೆ ಸರಿದಿದೆ. ಊರಿನವರಿಗೆ ಇದು 'ಕ್ರುಕೆಡ್ ಸ್ಪೈರ್', ಸೊಟ್ಟ ಶಿಖರ. ಊರಿನ ಫುಟ್‌ಬಾಲ್ ಕ್ಲಬ್ಬಿನ ಅಡ್ಡಹೆಸರೇ 'ಸ್ಪೈರೈಟ್ಸ್'. (ಈ ಲೇಖನದಲ್ಲಿ ಚೌಕಾಕಾರದ ಕಲ್ಲಿನ ಭಾಗವನ್ನು ಗೋಪುರ ಅಂತಲೂ, ಅದರ ಮೇಲೆ ಕೂತಿರುವ ಚೂಪಾದ ಮರದ ಭಾಗವನ್ನು ಶಿಖರ ಅಂತಲೂ ಕರೆಯುತ್ತೇವೆ. ಎರಡನ್ನೂ ಒಂದೇ ಅಂದುಕೊಂಡರೆ ಮುಂದೆ ಗೊಂದಲ ಆಗುತ್ತೆ.)

ಇದು ಕೆಥೆಡ್ರಲ್ ಅಲ್ಲ, ಪ್ಯಾರಿಷ್ ಚರ್ಚು. ಕೆಥೆಡ್ರಲ್ ಅಂದರೆ ಬಿಷಪ್ ಕೂರುವ ಜಾಗ. ಪ್ಯಾರಿಷ್ ಅಂದರೆ ಒಬ್ಬ ಪಾದ್ರಿಯ ವ್ಯಾಪ್ತಿಗೆ ಬರುವ ಊರು ಮತ್ತು ಸುತ್ತಲಿನ ಹಳ್ಳಿಗಳು. ನಮ್ಮ ಕಡೆಯ ಕ್ಯಾಥೊಲಿಕರು 'ಧರ್ಮಕೇಂದ್ರ' ಅಂತಾರಲ್ಲ, ಅದೇ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಪ್ರತಿಯೊಬ್ಬ ಮನುಷ್ಯನೂ ಯಾವುದೋ ಒಂದು ಪ್ಯಾರಿಷ್‌ಗೆ ಸೇರಿದವನೇ. ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ದಶಾಂಶ ಅಂತ ಚರ್ಚಿಗೆ ಹೋಗಬೇಕು. ಹುಟ್ಟಿದರೆ ಅಲ್ಲೇ ದೀಕ್ಷಾಸ್ನಾನ, ಸತ್ತರೆ ಅಲ್ಲೇ ಮಣ್ಣು.

ರಿಪೇರಿ ಖರ್ಚಿನ ಲೆಕ್ಕ ಇನ್ನೂ ಮಜವಾಗಿದೆ. ಚರ್ಚಿನ ಪೂರ್ವದ ತುದಿಯಲ್ಲಿ ಬಲಿಪೀಠ ಇರುವ ಭಾಗಕ್ಕೆ ಚಾನ್ಸೆಲ್ ಅಂತಾರೆ. ಅದರ ಮಾಡು ಸೋರಿದರೆ ದಶಾಂಶ ತಗೊಳ್ಳುವ ರೆಕ್ಟರ್ ರಿಪೇರಿ ಮಾಡಿಸಬೇಕು. ಪಶ್ಚಿಮಕ್ಕೆ, ಜನ ನಿಲ್ಲುವ ಉದ್ದನೆಯ ಹಜಾರಕ್ಕೆ ನೇವ್ ಅಂತ ಹೆಸರು. ಅದರ ಖರ್ಚು ಊರಿನವರದು. ಒಂದೇ ಕಟ್ಟಡ, ಇಬ್ಬರು ಓನರ್‌ಗಳು ಅನ್ನೋ ಥರ. ಅದಕ್ಕೇ ಇಂಗ್ಲೆಂಡಿನ ಎಷ್ಟೋ ಹಳೇ ಚರ್ಚುಗಳಲ್ಲಿ ಎರಡು ಭಾಗಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಬಜೆಟ್‌ನಲ್ಲಿ ಕಟ್ಟಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಚೆಸ್ಟರ್‌ಫೀಲ್ಡ್‌ನಲ್ಲಿ ರೆಕ್ಟರ್ ಆಗಿದ್ದದ್ದು ದೂರದ ಲಿಂಕನ್ ಕೆಥೆಡ್ರಲ್‌ನ ಡೀನ್. ಲಿಂಕನ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಚೆಸ್ಟರ್‌ಫೀಲ್ಡ್ ಚರ್ಚನ್ನು ಮೇಲಿನಿಂದ ನೋಡಿದರೆ ಶಿಲುಬೆ ಆಕಾರ. ಪೂರ್ವ-ಪಶ್ಚಿಮ ಉದ್ದ, ಉತ್ತರಕ್ಕೂ ದಕ್ಷಿಣಕ್ಕೂ ಒಂದೊಂದು ತೋಳು. ತೋಳುಗಳು ಸೇರುವ ನಟ್ಟನಡುವೆ ದಪ್ಪ ಕಂಬಗಳು, ಅವುಗಳ ಮೇಲೆ ಚೌಕ ಗೋಪುರ, ಗೋಪುರದ ಮೇಲೆ ಶಿಖರ. ಕಟ್ಟಡದ ಹಳೆಯ ಭಾಗಗಳು 13ನೇ ಶತಮಾನದವು. ಬಹುಪಾಲು 14ನೇ ಶತಮಾನದ್ದು. ಡರ್ಬಿಶೈರ್‌ನಲ್ಲಿ ಇದಕ್ಕಿಂತ ದೊಡ್ಡ ಪ್ಯಾರಿಷ್ ಚರ್ಚ್ ಇಲ್ಲ. ಇಷ್ಟು ದೊಡ್ಡದು ಕಟ್ಟೋಕೆ ದುಡ್ಡೆಲ್ಲಿಂದ ಬಂತು ಅಂದರೆ, ಸಂತೆಯಿಂದ. 1204ರಲ್ಲಿ ರಾಜ ಜಾನ್ ಈ ಊರಿಗೆ ಮಾರುಕಟ್ಟೆಯ ಸನ್ನದು ಕೊಟ್ಟ. ಉಣ್ಣೆ, ಚರ್ಮ, ಸೀಸದ ವ್ಯಾಪಾರ ಬೆಳೆಯಿತು. ಕಸುಬುದಾರರ, ವ್ಯಾಪಾರಿಗಳ ಗಿಲ್ಡ್‌ಗಳು ಚರ್ಚಿನೊಳಗೇ ತಮ್ಮ ತಮ್ಮ ಚಿಕ್ಕ ಪ್ರಾರ್ಥನಾ ಕೋಣೆಗಳನ್ನು ಇಟ್ಟುಕೊಂಡಿದ್ದವು. ಸತ್ತ ಸದಸ್ಯರ ಆತ್ಮಕ್ಕಾಗಿ ಅಲ್ಲಿ ಪೂಜೆ ನಡೆಯುತ್ತಿತ್ತು. 1547ರಲ್ಲಿ ಆರನೇ ಎಡ್ವರ್ಡ್‌ನ ಸರ್ಕಾರ ದೇಶಾದ್ಯಂತ ಇಂಥದ್ದನ್ನೆಲ್ಲ ಮುಚ್ಚಿಸಿ ಆಸ್ತಿ ವಶಪಡಿಸಿಕೊಂಡಿತು. ಕೋಣೆಗಳು ಉಳಿದವು, ಪೂಜೆ ನಿಂತಿತು.

ಈಗ ಶಿಖರಕ್ಕೆ ಬರೋಣ. ಅದು ಏರಿದ್ದು 1362ರ ಹೊತ್ತಿಗೆ. ನಮ್ಮ ನಗು ಮೊದಲು ಸ್ವಲ್ಪ ಕಡಿಮೆಯಾಗಿದ್ದು ಈ ಇಸವಿ ನೋಡಿದಾಗ.

1348ರಲ್ಲಿ ಪ್ಲೇಗ್ ಇಂಗ್ಲೆಂಡಿಗೆ ಬಂತು. ಚರಿತ್ರೆ ಪುಸ್ತಕದಲ್ಲಿ 'ಬ್ಲ್ಯಾಕ್ ಡೆತ್' ಅಂತ ಓದಿದ್ದೀವಲ್ಲ, ಅದು. ಒಂದೆರಡು ವರ್ಷದೊಳಗೆ ದೇಶದ ಮೂರನೇ ಒಂದರಿಂದ ಅರ್ಧದಷ್ಟು ಜನ ಸತ್ತರು. ನಮ್ಮ ಕ್ಲಾಸಿನಲ್ಲಿ 60 ಜನ ಇದ್ದೀವಿ. 20ರಿಂದ 30 ಬೆಂಚು ಖಾಲಿ ಆಗೋದು ಅಂತ ಲೆಕ್ಕ ಹಾಕಿದೆವು, ಆಮೇಲೆ ಆ ಲೆಕ್ಕ ಮುಂದುವರಿಸಲಿಲ್ಲ. ಸಾಲದು ಅಂತ 1361ರಲ್ಲಿ ಪ್ಲೇಗ್ ಮತ್ತೆ ಬಂತು. ಆ ಸಲ ಮಕ್ಕಳು, ಹುಡುಗರು ಹೆಚ್ಚಾಗಿ ಸತ್ತರು ಅಂತ ಆ ಕಾಲದವರು ಬರೆದಿದ್ದಾರೆ. ಅಂದರೆ ಮೊದಲ ಸಲ ಕೆಲಸ ಕಲಿಸುವವರು ಹೋದರು, ಎರಡನೇ ಸಲ ಕಲಿಯುವವರು.

ಆಗ ಬಡಗಿತನಕ್ಕೆ ಸಿಲಬಸ್ ಪುಸ್ತಕ ಇರಲಿಲ್ಲ. ವರ್ಷಗಟ್ಟಲೆ ಒಬ್ಬ ಮೇಸ್ತ್ರಿಯ ಕೈಕೆಳಗೆ ಇದ್ದು, ನೋಡಿ, ಮಾಡಿ ಕಲಿಯಬೇಕು. ಎಲ್ಲಿ ಅಡ್ಡತೊಲೆ ಬೇಕು, ಎಲ್ಲಿ ಓರೆ ಆಸರೆ ಕೊಡಬೇಕು ಅನ್ನೋದು ಅವನ ತಲೆಯಲ್ಲೇ ಇರ್ತಿತ್ತು. ತಲೆ ಹೋದರೆ ಅದೂ ಹೋಯಿತು. ಉಳಿದ ಕೆಲಸಗಾರರಿಗೆ ಸಹಜವಾಗಿ ಬೇಡಿಕೆ ಬಂತು, ಅವರು ಹೆಚ್ಚು ಕೂಲಿ ಕೇಳಿದರು. ಸರ್ಕಾರ 1351ರಲ್ಲಿ ಕಾಯಿದೆ ಮಾಡಿ ಕೂಲಿಯನ್ನೇ ಕಟ್ಟಿಹಾಕಿತು: ಮುಖ್ಯ ಬಡಗಿಗೆ ದಿನಕ್ಕೆ 3 ಪೆನ್ನಿ, ಉಳಿದ ಬಡಗಿಗಳಿಗೆ 2, ಕಲ್ಲಿನ ಮುಖ್ಯ ಮೇಸ್ತ್ರಿಗೆ 4. ಮರದ ಕೆಲಸಕ್ಕೆ ಕಲ್ಲಿನ ಕೆಲಸಕ್ಕಿಂತ ಪ್ಯಾಕೇಜ್ ಕಡಿಮೆ ಅನ್ನೋದನ್ನೂ ಗಮನಿಸಿ, ಬ್ರಾಂಚ್ ಭೇದ ಆಗಲೂ ಇತ್ತು.

ಚೆಸ್ಟರ್‌ಫೀಲ್ಡ್ ಶಿಖರ ಏಕೆ ಸೊಟ್ಟಗಾಯಿತು ಅಂತ ಕೇಳಿದರೆ ಮೂರು ಕಾರಣ ಸಾಮಾನ್ಯವಾಗಿ ಸಿಗುತ್ತವೆ. ಹಸಿ ಮರ, ಸೀಸದ ಭಾರ, ಓರೆ ಆಸರೆಗಳ ಕೊರತೆ. ಮೂರೂ ಸೇರಿಯೇ ಕೆಲಸ ಮಾಡಿವೆ, ಆದರೆ ಮೂರಕ್ಕೂ ಸಮಾನ ಮಾರ್ಕ್ಸ್ ಕೊಡೋಕೆ ನಮಗೆ ಮನಸ್ಸಿಲ್ಲ.

ಹಸಿ ಮರವನ್ನೇ ಎಲ್ಲರೂ ಮೊದಲು ಬೈಯ್ಯೋದು. ಒಣಗಿಸದ ಓಕ್ ಬಳಸಿದರು, ಅದು ಒಣಗುತ್ತಾ ತಿರುಚಿತು ಅಂತ. ಮಾತು ಸುಳ್ಳಲ್ಲ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಥರ ಕುಗ್ಗೋದಿಲ್ಲ. ಉದ್ದಕ್ಕೆ ಕುಗ್ಗೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ. ವಾರ್ಷಿಕ ಉಂಗುರಗಳ ಗುಂಟ ಅದರ ಹೆಚ್ಚುಕಮ್ಮಿ ಎರಡರಷ್ಟು. ಹೀಗಾಗಿ ತೊಲೆ ಬಾಗುತ್ತೆ, ಸೀಳುತ್ತೆ, ತಿರುಚುತ್ತೆ. ಆದರೆ ಮಧ್ಯಯುಗದ ಬಡಗಿಗಳು ಹಸಿ ಓಕ್ ಬಳಸಿದ್ದು ಅಜ್ಞಾನದಿಂದ ಅಲ್ಲ. ಒಣಗಿದ ಓಕ್ ಕಬ್ಬಿಣದ ಥರ, ಆ ಕಾಲದ ಉಳಿ-ಬಾಚಿಗೆ ಬಗ್ಗೋದೇ ಇಲ್ಲ. ಹಸಿ ಮರದಲ್ಲೇ ಕೀಲು ಕೊರೆದು, ತೂತುಗಳನ್ನು ಬೇಕಂತಲೇ ಸ್ವಲ್ಪ ಆಚೀಚೆ ಇಟ್ಟು ಮರದ ಗೂಟ ಹೊಡೆದರೆ, ಗೂಟ ಎರಡೂ ತೊಲೆಗಳನ್ನು ಎಳೆದು ಬಿಗಿದು ಹಿಡಿಯುತ್ತೆ. ಮರ ಒಣಗಿ ಕುಗ್ಗಿದರೂ ಕೀಲು ಸಡಿಲ ಆಗೋದಿಲ್ಲ. ಹೀಗೆ ಕಟ್ಟಿದ ಸಾವಿರಾರು ಮನೆ, ಕಣಜಗಳು ಇಂಗ್ಲೆಂಡಿನಲ್ಲಿ ಇವತ್ತಿಗೂ ನಿಂತಿವೆ. ಅಲ್ಲೊಂದು ಇಲ್ಲೊಂದು ಡೊಂಕು ಇದ್ದೇ ಇರುತ್ತೆ, 45 ಡಿಗ್ರಿ ತಿರುಚಿದ್ದು ಮಾತ್ರ ಅಪರೂಪ.

ಎರಡನೆಯದು ಸೀಸ. ಹತ್ತಿರದ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳು ಸೀಸದ ಗಣಿಗಳಿಗೆ ರೋಮನ್ನರ ಕಾಲದಿಂದಲೇ ಹೆಸರುವಾಸಿ. ಈ ಶಿಖರದ ಮೈಮೇಲೆ ಸುಮಾರು 33 ಟನ್ ಸೀಸದ ಹಾಳೆಗಳಿವೆ. ಸೀಸದ ಸಾಂದ್ರತೆ ನೀರಿನ ಹನ್ನೊಂದು ಪಟ್ಟಿಗೂ ಹೆಚ್ಚು, ಹಾಗಾಗಿ 33 ಟನ್ ಅಂದರೂ ಮುದ್ದೆ ಮಾಡಿದರೆ ಮೂರು ಕ್ಯೂಬಿಕ್ ಮೀಟರ್ ಆದೀತು ಅಷ್ಟೇ. ಒಂದು ಸಣ್ಣ ನೀರಿನ ಟ್ಯಾಂಕು. ಅದನ್ನು ತೆಳ್ಳಗೆ ಬಡಿದು ಇಡೀ ಶಿಖರಕ್ಕೆ ಉಡಿಸಿದ್ದಾರೆ. ಹಾಳೆಗಳನ್ನು ಮೀನಿನ ಮುಳ್ಳಿನ ಥರ ಓರೆಯಾಗಿ ಜೋಡಿಸಿದ್ದಾರೆ, ಆದ್ದರಿಂದ ಎಂಟೇ ಮುಖ ಇರುವ ಶಿಖರಕ್ಕೆ ಹದಿನಾರು ಮುಖ ಇದ್ದ ಹಾಗೆ ಕಾಣುತ್ತೆ. ನೋಡುವವರಿಗೆ ತಿರುಚು ಇನ್ನಷ್ಟು ಜಾಸ್ತಿ ಅನ್ನಿಸೋದಕ್ಕೆ ಈ ಓರೆ ಗೆರೆಗಳೂ ಕಾರಣ.

ಸೀಸ ಒಂದು ವಿಚಿತ್ರ ಲೋಹ. ಮೆಟೀರಿಯಲ್ ಸೈನ್ಸ್ ಕ್ಲಾಸಿನಲ್ಲಿ ಕ್ರೀಪ್ ಅಂತ ಒಂದು ಚಾಪ್ಟರ್ ಇದ್ಯಲ್ಲ? ಲೋಹದ ತಾಪಮಾನ ಕೆಲ್ವಿನ್‌ನಲ್ಲಿ ಅದರ ಕರಗುವ ಬಿಂದುವಿನ ಅರ್ಧದ ಹತ್ತಿರ ಬಂದರೆ, ಸಣ್ಣ ಲೋಡ್‌ಗೂ ಅದು ನಿಧಾನಕ್ಕೆ ಹರಿಯೋಕೆ ಶುರು ಮಾಡುತ್ತೆ. ಉಕ್ಕಿಗೆ ಆ ಸ್ಥಿತಿ ಬರಬೇಕಾದರೆ ಫರ್ನೇಸ್ ಬೇಕು. ಸೀಸ ಕರಗೋದು 327 ಡಿಗ್ರಿಗೆ, ಅಂದರೆ 600 ಕೆಲ್ವಿನ್. ಅದರ ಅರ್ಧ 300 ಕೆಲ್ವಿನ್, ನಾವು ಕೂತಿರುವ ಈ ರೂಮಿನ ಉಷ್ಣತೆ! ಆದ್ದರಿಂದ ಇಳಿಜಾರಿನ ಮೇಲಿನ ಸೀಸ ತನ್ನ ಭಾರಕ್ಕೇ ಶತಮಾನಗಟ್ಟಲೆ ಕೆಳಗೆ ಜಾರುತ್ತಿರುತ್ತೆ. ಅದರ ಮೇಲೆ ಬಿಸಿಲು. ಸೀಸ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 29 ಭಾಗ ಹಿಗ್ಗುತ್ತೆ, ಉಕ್ಕಿನ ಎರಡರಷ್ಟಕ್ಕೂ ಹೆಚ್ಚು. ಎರಡು ಮೀಟರ್ ಹಾಳೆ 30 ಡಿಗ್ರಿ ಬಿಸಿಯಾದರೆ ಒಂದೂಮುಕ್ಕಾಲು ಮಿಲಿಮೀಟರ್. ಸಣ್ಣದೇ, ಆದರೆ ದಿನಾ ಹಗಲು ಹಿಗ್ಗಿ ರಾತ್ರಿ ಕುಗ್ಗುವಾಗ ಪೂರ್ತಿ ವಾಪಸ್ ಬರದೇ ಇದ್ದರೆ, 660 ವರ್ಷ ಇದೆಯಲ್ಲ. ಇಂಗ್ಲೆಂಡಿನಷ್ಟು ಉತ್ತರದಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ. ಬಿಸಿಲು ಬೀಳುವ ಮುಖ ಹೆಚ್ಚು ಹಿಗ್ಗಿ ಕುಗ್ಗುತ್ತೆ, ಅದರ ಒಳಗಿನ ಮರವೂ ಬೇಗ ಒಣಗುತ್ತೆ. ಶಿಖರ ವಾಲಿರುವುದು ನೈಋತ್ಯಕ್ಕೆ ಅನ್ನೋದು ಇದಕ್ಕೆ ಹೊಂದುತ್ತದೆ.

ಆದರೂ ಹಸಿ ಮರ ಮತ್ತು ಸೀಸ ಬೇರೆ ಎಷ್ಟೋ ಚರ್ಚುಗಳಲ್ಲಿ ಇದ್ದವು. ಇಲ್ಲೇ ಯಾಕೆ ಹೀಗೆ? ನಮ್ಮ ಪ್ರಕಾರ ಮೂರನೇ ಕಾರಣವೇ ಮುಖ್ಯ: ಇಷ್ಟು ಭಾರಕ್ಕೆ ಬೇಕಾದಷ್ಟು ಓರೆ ಆಸರೆ ಒಳಗೆ ಇರಲಿಲ್ಲ. ಇದನ್ನು ನಂಬೋಕೆ ನಾವು ಹಾಸ್ಟೆಲ್ ರೂಮಿನಲ್ಲಿ ಒಂದು ಮಾಡೆಲ್ ಮಾಡಿದೆವು. ರಟ್ಟಿನಲ್ಲಿ ಒಂದಕ್ಕಿಂತ ಒಂದು ಚಿಕ್ಕದಾದ ನಾಲ್ಕು ಬಳೆ ಕತ್ತರಿಸಿ, ಪ್ರತಿ ಎರಡು ಬಳೆಯ ನಡುವೆ ಎಂಟೆಂಟು ಪೊರಕೆ ಕಡ್ಡಿ ನಿಲ್ಲಿಸಿ, ಕೀಲಿಗೆ ಸ್ವಲ್ಪ ಮೇಣ. ಪೊರಕೆ ಅರ್ಧ ಖಾಲಿ ಆಯಿತು, ಅದರ ಬಗ್ಗೆ ರೂಮ್‌ಮೇಟ್ ಇನ್ನೂ ಮಾತಾಡುತ್ತಾನೆ. ಮೇಲಿನಿಂದ ಅಂಗೈಯಲ್ಲಿ ನೇರಕ್ಕೆ ಒತ್ತಿದೆವು. ಕಡ್ಡಿ ಮುರಿಯಲಿಲ್ಲ. ಇಡೀ ಮಾಡೆಲ್ ಹಿತ್ತಾಳೆ ತಿರುಪಿನ ಥರ ಸುರುಳಿ ಸುತ್ತಿಕೊಂಡು ಕುಸಿಯಿತು. ನಾವು ತಿರುಗಿಸಲೇ ಇಲ್ಲ, ಬರೀ ಒತ್ತಿದ್ದು! ಯಾಕೆ ಅಂದರೆ ಎರಡು ನೆಟ್ಟನೆ ಕಡ್ಡಿ, ಎರಡು ಅಡ್ಡ ಬಳೆ ಸೇರಿದರೆ ಆಗೋದು ಚತುರ್ಭುಜ. ಕೀಲಿನಲ್ಲಿ ಬಿಗಿ ಇಲ್ಲದಿದ್ದರೆ ಚತುರ್ಭುಜ ಓರೆ ಆಗುತ್ತೆ. ಎಂಟೂ ಒಂದೇ ಕಡೆ ಓರೆಯಾದರೆ ಮೇಲಿನ ಬಳೆ ತಿರುಗಿ ಸ್ವಲ್ಪ ಕೆಳಗಿಳಿಯುತ್ತೆ. ಭಾರಕ್ಕೆ ಬೇಕಿರೋದೂ ಕೆಳಗಿಳಿಯೋದೇ. ಆಮೇಲೆ ಇನ್ನೊಂದು ಮಾಡೆಲ್‌ನ ಪ್ರತಿ ಚತುರ್ಭುಜಕ್ಕೂ ಮೂಲೆಯಿಂದ ಮೂಲೆಗೆ ಒಂದು ಓರೆ ಕಡ್ಡಿ ಅಂಟಿಸಿದೆವು. ತ್ರಿಭುಜ ಆಯಿತು. ಅದರ ಮೇಲೆ ಮೆಕ್ಯಾನಿಕ್ಸ್ ಟೆಕ್ಸ್ಟ್ ಬುಕ್ ಇಟ್ಟೆವು, ನಿಂತಿತು.

ಬೇಕಿದ್ದದ್ದು ಅಷ್ಟೇ. ಒಂದಷ್ಟು ಓರೆ ತೊಲೆ. ಅದನ್ನು ಹೇಳಿಕೊಡಬೇಕಾದವರು ಊರಿನ ಸುತ್ತಲ ಮಣ್ಣಿನಲ್ಲಿ ಮಲಗಿದ್ದರೇನೋ. ಪ್ಲೇಗಿಗೂ ಈ ಲೋಪಕ್ಕೂ ಸಂಬಂಧ ಇದೆ ಅನ್ನೋದು ಬಹಳ ಜನ ನಂಬುವ ಊಹೆ, ಸಹಿ ಹಾಕಿದ ದಾಖಲೆ ಅಲ್ಲ. ಆದರೆ ಹನ್ನೆರಡು-ಹದಿಮೂರು ವರ್ಷದ ಹಿಂದೆ ಅರ್ಧ ಊರನ್ನು ಹೂತ ಜನ, ಎರಡನೇ ಅಲೆಯ ಮಧ್ಯದಲ್ಲಿ, 70 ಮೀಟರ್ ಎತ್ತರಕ್ಕೆ ಮರ ಏರಿಸಿದರು ಅನ್ನೋದು ಊಹೆ ಅಲ್ಲ.

ಇಷ್ಟು ಸೊಟ್ಟಗಿದ್ದೂ ಯಾಕೆ ಬಿದ್ದಿಲ್ಲ? ಇದಕ್ಕೆ ಉತ್ತರ ನಮ್ಮ ಫಸ್ಟ್ ಇಯರ್ ಸಿಲಬಸ್‌ನಲ್ಲೇ ಇದೆ. ಪೊಳ್ಳು ಕೋನ್‌ನ ಸೆಂಟರ್ ಆಫ್ ಗ್ರಾವಿಟಿ ತಳದಿಂದ ಮೂರನೇ ಒಂದು ಎತ್ತರದಲ್ಲಿರುತ್ತೆ. ತುದಿ 2.9 ಮೀಟರ್ ಸರಿದರೂ, ಇಡೀ ಶಿಖರ ನೇರ ಕೋಲಿನ ಥರ ವಾಲಿದೆ ಅಂದುಕೊಂಡರೂ, ಸೆಂಟರ್ ಆಫ್ ಗ್ರಾವಿಟಿ ಸರಿಯೋದು ಅದರ ಮೂರನೇ ಒಂದು, ಅಂದರೆ ಒಂದು ಮೀಟರ್ ಒಳಗೆ. ಮೇಲೆ ಹೋದಂತೆ ಬಾಗು ಜಾಸ್ತಿ ಆಗುವ ಆಕಾರ ಆದ್ದರಿಂದ ನಿಜವಾದ ಸಂಖ್ಯೆ ಇನ್ನೂ ಕಡಿಮೆ. ಶಿಖರದ ತಳ ಹಲವು ಮೀಟರ್ ಅಗಲ ಇದೆ. ಭಾರದ ಗೆರೆ ಆರಾಮಾಗಿ ತಳದ ಒಳಗೇ ಬೀಳುತ್ತೆ. ಇನ್ನೊಂದು ವಿಷಯ ಕೇಳಿ: ಶಿಖರವನ್ನು ಗೋಪುರಕ್ಕೆ ಬಿಗಿದಿಲ್ಲ. ತನ್ನ ಭಾರದಿಂದಲೇ ಅದು ಗೋಪುರದ ಮೇಲೆ ಕೂತಿದೆ. ಬಗ್ಗಿಸಿದ ಅದೇ ಸೀಸ ಈಗ ಗಾಳಿಗೆ ಹಾರದ ಹಾಗೆ ಒತ್ತಿ ಹಿಡಿದಿದೆ.

ಈಗ ಲಿಂಕನ್ ನೆನಪು ಮಾಡಿಕೊಳ್ಳಿ. ಅಲ್ಲಿನ ಕೆಥೆಡ್ರಲ್‌ನ ನಡುಗೋಪುರದ ಮೇಲೂ ಮರ ಮತ್ತು ಸೀಸದ ಶಿಖರ ಇತ್ತು. ಆ ಕಾಲಕ್ಕೆ ಪ್ರಪಂಚದಲ್ಲೇ ಅತಿ ಎತ್ತರದ ಕಟ್ಟಡ ಅಂತ ಅದರ ಖ್ಯಾತಿ. 1548ರಲ್ಲಿ ಬಿದ್ದುಹೋಯಿತು, ಮತ್ತೆ ಕಟ್ಟಲಿಲ್ಲ. ನಾರ್ವಿಚ್ ಕೆಥೆಡ್ರಲ್‌ನ ಮರದ ಶಿಖರವನ್ನು 1362ರ ಜನವರಿಯ ಬಿರುಗಾಳಿ ಕೆಡವಿತು, ನಮ್ಮ ಸೊಟ್ಟ ಶಿಖರ ಏಳುತ್ತಿದ್ದ ಅದೇ ಹೊತ್ತಿಗೆ. ಲಂಡನ್‌ನ ಹಳೇ ಸೇಂಟ್ ಪಾಲ್ಸ್ ಶಿಖರ 1561ರಲ್ಲಿ ಸಿಡಿಲಿಗೆ ಸುಟ್ಟಿತು. ದುಡ್ಡಿದ್ದವರು, ಬಿಷಪ್ ಇದ್ದವರು ಕಟ್ಟಿದ ನೆಟ್ಟನೆಯವು ಹೋದವು.

ಊರಿನವರಿಗೆ ಮಾತ್ರ ಕ್ರೀಪು, ತ್ರಿಭುಜ ಇದೆಲ್ಲ ಬೇಕಾಗಿರಲಿಲ್ಲ. ಅವರ ಹತ್ತಿರ ಕತೆ ಇತ್ತು. ಪಕ್ಕದ ಬೋಲ್ಸೋವರ್ ಊರಿನ ಕಮ್ಮಾರ ಸೈತಾನನ ಕಾಲಿಗೆ ಲಾಳ ಹೊಡೆಯುವಾಗ ಮೊಳೆ ಮಾಂಸಕ್ಕೆ ಇಳಿಯಿತಂತೆ, ನೋವಿಗೆ ಹಾರಿದ ಸೈತಾನ ಚೆಸ್ಟರ್‌ಫೀಲ್ಡ್ ಮೇಲೆ ಹೋಗುವಾಗ ಶಿಖರಕ್ಕೆ ಒದ್ದನಂತೆ. ಇನ್ನೊಂದು ಕತೆಯಲ್ಲಿ, ಕನ್ಯೆಯೊಬ್ಬಳು ಅಲ್ಲಿ ಮದುವೆ ಆಗೋಕೆ ಬಂದದ್ದು ನೋಡಿ ಶಿಖರ ಆಶ್ಚರ್ಯದಿಂದ ಬಗ್ಗಿ ನೋಡಿತು, ಇನ್ನೊಬ್ಬಳು ಬಂದಾಗ ನೆಟ್ಟಗಾಗುತ್ತೆ ಅಂತ. ತಮ್ಮೂರಿನ ಹೆಣ್ಣುಮಕ್ಕಳ ಬಗ್ಗೆ ಇಂಥ ಜೋಕನ್ನು ತಲೆಮಾರುಗಟ್ಟಲೆ ಹೇಳಿಕೊಂಡು ಬಂದದ್ದು ನಮಗೆ ಅಷ್ಟು ಹಿಡಿಸಲಿಲ್ಲ. ಕಮ್ಮಾರನ ಕತೆಯೇ ವಾಸಿ, ಅದರಲ್ಲಿ ಕನಿಷ್ಠ ವರ್ಕ್‌ಶಾಪ್ ಇದೆ.

ಶಿಖರಕ್ಕೆ ನಿಜವಾದ ಅಪಾಯ ಬಂದದ್ದು 1961ರ ಡಿಸೆಂಬರ್ 22ರಂದು, ಕ್ರಿಸ್‌ಮಸ್‌ಗೆ ಮೂರು ದಿನ ಮುಂಚೆ. ಚರ್ಚಿನ ಉತ್ತರದ ತೋಳಿಗೆ ಬೆಂಕಿ ಬಿತ್ತು. 1756ರಲ್ಲಿ ಜಾನ್ ಸ್ನೆಟ್ಜ್ಲರ್ ಅನ್ನೋ ಪ್ರಸಿದ್ಧ ಕುಶಲಿ ಮಾಡಿದ್ದ ಪೈಪ್ ಆರ್ಗನ್ ಸುಟ್ಟು ಬೂದಿಯಾಯಿತು. ಆ ತೋಳಿನ ಪಕ್ಕದಲ್ಲೇ ಗೋಪುರ. ಬೆಂಕಿ ಮೇಲೇರಿದ್ದರೆ ಒಣಗಿ ಆರು ಶತಮಾನ ಆದ ಓಕ್, ಅದರ ಮೇಲೆ 327 ಡಿಗ್ರಿಗೆ ಕರಗುವ 33 ಟನ್ ಸೀಸ. ಇದರ ಅರ್ಥ ಏನು ಅಂತ 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಉರಿದಾಗ ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ, ಅದೂ ಓಕ್ ಮತ್ತು ಸೀಸದ ಶಿಖರವೇ. ಚೆಸ್ಟರ್‌ಫೀಲ್ಡ್‌ನಲ್ಲಿ ಅಗ್ನಿಶಾಮಕ ದಳದವರು ಬೆಂಕಿಯನ್ನು ಶಿಖರಕ್ಕೆ ಏರೋಕೆ ಬಿಡಲಿಲ್ಲ. ಆರ್ಗನ್ ಜಾಗಕ್ಕೆ ಆಮೇಲೆ ಗ್ಲಾಸ್ಗೋದಿಂದ ಒಂದು ಹಳೇ ಆರ್ಗನ್ ತಂದು ಕೂರಿಸಿದರು.

ಈ ಊರಿಗೂ ಎಂಜಿನಿಯರಿಂಗ್‌ಗೂ ಇನ್ನೊಂದು ನಂಟಿದೆ. ರೈಲ್ವೆಯ ಪಿತಾಮಹ ಅನ್ನಿಸಿಕೊಂಡ ಜಾರ್ಜ್ ಸ್ಟೀಫನ್‌ಸನ್ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲೇ. 1848ರಲ್ಲಿ ತೀರಿಕೊಂಡಾಗ ಸಮಾಧಿ ಮಾಡಿದ್ದು ಇದೇ ಊರಿನ ಇನ್ನೊಂದು ಚರ್ಚಿನಲ್ಲಿ, ಹೋಲಿ ಟ್ರಿನಿಟಿಯಲ್ಲಿ. ಸ್ಟೇಷನ್ ಎದುರು ಅವನ ಪ್ರತಿಮೆ ಇದೆ. ರೈಲಿನಲ್ಲಿ ಹೋಗುವವರಿಗೆ ಸೊಟ್ಟ ಶಿಖರ ಕಿಟಕಿಯಿಂದಲೇ ಕಾಣುತ್ತೆ. ಇಳಿದು ಹೋದರೆ ಗೈಡ್ ಜೊತೆ ಗೋಪುರ ಹತ್ತಿ ಶಿಖರದ ಒಳಗಿನ ತೊಲೆಗಳನ್ನೂ ನೋಡಬಹುದು.

ಇಷ್ಟೆಲ್ಲ ಓದಿ ಹೇಳಿದ ಮೇಲೆ ನಮ್ಮ ಸಿವಿಲ್ ಗೆಳೆಯ ಎರಡನೇ ಮಾಡೆಲನ್ನು ತನ್ನ ಟೇಬಲ್ ಮೇಲೆ ಇಟ್ಟುಕೊಂಡಿದ್ದಾನೆ. ಬ್ಯಾಕ್‌ಲಾಗ್ ಮಾತು ಮತ್ತೆ ಎತ್ತಿಲ್ಲ. ಮೊದಲನೇ ಮಾಡೆಲ್, ಸುರುಳಿ ಸುತ್ತಿಕೊಂಡದ್ದು, ಎಸೆಯೋಕೆ ಹೋದಾಗ ಅವನೇ ಬೇಡ ಅಂದ.